ಪ್ರಸಾದದ ಆಣೆ

ನಮ್ಮ ಚರ್ಚಿನ ಬಾಗಿಲ ಒಳಗೆ, ಎಡಗಡೆಗೆ, ಒಂದು ಸಣ್ಣ ಮೇಜಿದೆ. ಮೇಜಿನ ಮೇಲೆ ನಾನು ಹೊಲಿದ ಬಿಳಿ ಬಟ್ಟೆ, ಅದರ ಮೇಲೆ ಮುಚ್ಚಳ ತೆಗೆದ ಎರಡು ಪಾತ್ರೆ. ಒಂದರ ತುಂಬ ಕಾಗದದಷ್ಟು ತೆಳ್ಳಗಿನ, ದುಂಡನೆಯ ಗೋದಿ ರೊಟ್ಟಿಯ ಬಿಲ್ಲೆಗಳು. ಇನ್ನೊಂದು ಖಾಲಿ. ಭಾನುವಾರ ಪೂಜೆಗೆ ಬಂದವರಲ್ಲಿ ಪರಮ ಪ್ರಸಾದ ಸ್ವೀಕರಿಸುವವರು ಚಿಮಟದಿಂದ ಒಂದು ಬಿಲ್ಲೆ ಎತ್ತಿ ಖಾಲಿ ಪಾತ್ರೆಗೆ ಹಾಕಿ ಮುಂದೆ ಹೋಗುತ್ತಾರೆ. ಪೂಜೆಯಲ್ಲಿ ಗುರುಗಳು ಅದನ್ನು ಅರ್ಪಿಸಿದ ಮೇಲೆ ಅದು ನಮಗೆ ರೊಟ್ಟಿಯಲ್ಲ, ಪ್ರಭುವಿನ ಶರೀರ. ಒಂದು ಚೂರೂ ನೆಲಕ್ಕೆ ಬೀಳುವಂತಿಲ್ಲ, ಬೇಕಾಬಿಟ್ಟಿ ಉಳಿಯುವಂತಿಲ್ಲ. ಅದಕ್ಕೇ ಎಷ್ಟು ಬಾಯಿಯೋ ಅಷ್ಟೇ ಬಿಲ್ಲೆ.

ದೊಡ್ಡ ಊರಿನ ಚರ್ಚುಗಳಲ್ಲಿ ಹೀಗೆ ಮಾಡುವುದಿಲ್ಲವಂತೆ. ನಮ್ಮದು ಶಿಗ್ಗಾಂವದಿಂದ ಹಾನಗಲ್ಲಿನ ಕಡೆ ಹೊರಳುವ ದಾರಿಯ ಒಂದು ಊರು. ಸುತ್ತಲಿನ ಹಳ್ಳಿಗಳ ಕಥೋಲಿಕರೆಲ್ಲ ಬಂದು ಸೇರಿದರೂ ಚರ್ಚಿನ ಹಿಂದಿನ ಬೆಂಚುಗಳು ಖಾಲಿಯೇ ಇರುತ್ತವೆ. ಗುರುಗಳು ಒಬ್ಬರೇ. ಶನಿವಾರ ಸಂಜೆ ಹಾನಗಲ್ಲಿನ ಕಡೆಯವರಿಗೆ ಪೂಜೆ, ಭಾನುವಾರ ಬೆಳಗ್ಗೆ ನಮಗೆ, ಆಮೇಲೆ ಸವಣೂರು, ಸಂಜೆ ಹಿರೇಕೆರೂರು. ಬೈಕಿನ ಹಿಂದೆ ಪೂಜೆಯ ಪೆಟ್ಟಿಗೆ ಕಟ್ಟಿಕೊಂಡು ತಿರುಗುತ್ತಾರೆ.

ಆ ಮೇಜಿನ ಬದಿಗೆ ನಿಲ್ಲುವುದು ನನ್ನ ಕೆಲಸ. ಹೊಲಿಗೆ ನನ್ನ ಕಸುಬಾದ್ದರಿಂದ ಬಲಿಪೀಠದ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದೂ ನನಗೇ ಬಂದಿದೆ. ಪ್ರಸಾದದ ಪಾತ್ರೆ ಒರೆಸಿದ ಬಟ್ಟೆಯ ಮೊದಲ ನೀರನ್ನು ಗಟಾರಕ್ಕೆ ಚೆಲ್ಲುವಂತಿಲ್ಲ. ಕಂಪೌಂಡಿನ ಕಣಗಿಲೆ ಗಿಡದ ಬುಡಕ್ಕೆ ಹಾಕುತ್ತೇನೆ. ಇದನ್ನೆಲ್ಲ ಹೇಳುತ್ತಿರುವುದು ನಾನು ದೊಡ್ಡ ಭಕ್ತೆ ಎಂದು ತೋರಿಸಲಿಕ್ಕಲ್ಲ. ಆ ಮೇಜಿನ ಬದಿಗೆ ನಿಂತವಳಿಗೆ ಯಾರು ಬಿಲ್ಲೆ ಹಾಕಿದರು, ಯಾರು ಹಾಕದೆ ಹೋದರು ಎನ್ನುವುದು ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಹಾಗೆ ಕಣ್ಣಿಗೆ ಬಿದ್ದದ್ದು ಆಯಿ.

ಆಯಿ ಎಂದರೆ ನನ್ನ ಸ್ವಂತ ಅಜ್ಜಿಯಲ್ಲ, ಊರಿಗೆಲ್ಲ ಆಯಿ. ಅಬಲೂರಿನ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡು ವರ್ಷಗಳಾದವು. ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ಬದುಕುತ್ತಾರೆ. ಮಳೆ ಇರಲಿ, ಜ್ವರ ಇರಲಿ, ಭಾನುವಾರ ಎಲ್ಲರಿಗಿಂತ ಮೊದಲು ಬಂದು, ನಡುಗುವ ಕೈಯಲ್ಲಿ ಚಿಮಟ ಹಿಡಿದು, ಮೂರು ಸಲ ಜಾರಿಸಿ ನಾಲ್ಕನೆಯ ಸಲ ಬಿಲ್ಲೆ ಎತ್ತಿ ಹಾಕಿ, "ನಂದಾತವಾ" ಎಂದು ನನಗೆ ಹೇಳಿ ಮುಂದೆ ಹೋಗುತ್ತಿದ್ದರು. ಎತ್ತಿ ಕೊಡಲು ಹೋದರೆ ಬೈಯುತ್ತಿದ್ದರು.

ಗ್ರಾಮ ಪಂಚಾಯ್ತಿ ಚುನಾವಣೆಯ ಗದ್ದಲ ಸುರುವಾದ ಚಳಿಗಾಲ ಅದು. ಒಂದು ಭಾನುವಾರ ಆಯಿ ಮೇಜಿನ ಕಡೆ ನೋಡದೆ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು. ಪ್ರಸಾದಕ್ಕೆ ಎಲ್ಲರೂ ಎದ್ದಾಗ ಎದ್ದು ನಿಲ್ಲಲಿಲ್ಲ. ಬೆಳಗ್ಗೆ ಏನಾದರೂ ಬಾಯಿಗೆ ಹಾಕಿಕೊಂಡಿರಬೇಕು ಎಂದುಕೊಂಡೆ. ಪ್ರಸಾದಕ್ಕೆ ಒಂದು ತಾಸು ಮೊದಲು ಏನೂ ತಿನ್ನಬಾರದು ಎಂಬ ನಿಯಮ ನಮ್ಮಲ್ಲಿದೆ. ಮರುವಾರವೂ ಹಾಗೇ ಆಯಿತು. ಮೂರನೆಯ ವಾರ ಮೇಜಿನ ಮುಂದೆ ಹಾಯುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ.

ಹೊಲಿಯಲು ಕೊಟ್ಟಿದ್ದ ಕುಬಸವನ್ನು ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಒಲೆಯ ಮೇಲೆ ಮಡಿಕೆಕಾಳು ಕುದಿಯುತ್ತಿತ್ತು. ಹಲ್ಲಿಲ್ಲದ ಬಾಯಿಗೆ ಅದು ಮೆತ್ತಗಾಗಬೇಕೆಂದರೆ ಅರ್ಧ ದಿನ ಉರಿ ಹಾಕಬೇಕು. ಮೂಲೆಯಲ್ಲಿ, ಜೋಳದ ಚೀಲದ ಮೇಲೆ, ಟೇಪು ಬಿಚ್ಚದ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಮೇಲೆ ಕುಕ್ಕರಿನ ಚಿತ್ರ.

"ಕುಕ್ಕರ್ ಇಟ್ಕೊಂಡು ಒಲಿ ಮುಂದ ಯಾಕ ಕುಂತೀರಿ ಆಯಿ?"

"ಅದನ್ನ ಮುಟ್ಟಂಗಿಲ್ಲವಾ" ಎಂದರು. ಆಮೇಲೆ ಊದುಗೊಳವೆ ಕೆಳಗಿಟ್ಟು ಹೇಳಿದರು.

ಚುನಾವಣೆಗೆ ನಿಂತಿದ್ದ ಒಬ್ಬ ಗುತ್ತಿಗೆದಾರ ಮನೆಮನೆಗೆ ಕುಕ್ಕರ್ ಹಂಚಿದ್ದ. ಬರೀ ಹಂಚಿದರೆ ಜನ ತೆಗೆದುಕೊಂಡು ಬೇರೆಯವರಿಗೆ ಮುದ್ರೆ ಒತ್ತುತ್ತಾರೆ ಎಂದು ಅವನಿಗೂ ಗೊತ್ತು. ಅದಕ್ಕೆ ಪ್ರತಿ ಮನೆಯಲ್ಲಿ ದೇವರನ್ನು ಮುಟ್ಟಿಸಿ ಆಣೆ ಹಾಕಿಸಿಕೊಳ್ಳುತ್ತಿದ್ದ.

"ಅಂವ ಬಂದಾಗ ನಾ ರೊಟ್ಟಿ ಬಡ್ಯಾಕತ್ತಿದ್ದೆ" ಎಂದರು ಆಯಿ. "'ಆಯಿ, ಈ ಸಲ ನಮಗ' ಅಂದ. 'ಆತಪಾ' ಅಂದೆ. ಅಷ್ಟಕ್ಕ ಬಿಡಬೇಕಿಲ್ಲೋ? 'ಹಂಗಲ್ಲ ಆಯಿ, ಬಾಜೂಮನಿಯಾಕಿ ಜಗಲಿ ಮ್ಯಾಲಿನ ದೀಪಾ ಮುಟ್ಟಿ ಹೇಳ್ಯಾಳ, ನೀವೂ ಹಂಗೊಂದು ಮಾತು ಹೇಳ್ರಿ' ಅಂದ. ನಮ್ಮನ್ಯಾಗ ದೀಪ ಎಲ್ಲೈತಂತ ನೋಡಿದ. ಕಾಣಲಿಲ್ಲ. ಗ್ವಾಡಿ ಮ್ಯಾಲಿನ ಯೇಸುಸ್ವಾಮಿ ಪಟ ತೋರ್ಸಿ, ಇದರ ಮ್ಯಾಲೆ ಕೈ ಇಡ್ರಿ ಅಂದ."

"ಇಟ್ರೇನು?"

"ಇಟ್ಟಿದ್ರ ಚಲೋ ಇತ್ತು. 'ಅದು ಕ್ಯಾಲೆಂಡರಿನ ಕಾಗದಪಾ, ಅದ್ರಾಗೇನೈತಿ' ಅಂದೆ. ಅಂವ ನಕ್ಕ. 'ಹಂಗಾರ ನಿಮ್ಮದ್ರಾಗ ದೊಡ್ಡದು ಯಾವುದೂ ಇಲ್ಲೇನು' ಅಂದ. ನನಗ ರೋಷ ಬಂತು ನೋಡು. ಬಾಜೂಮನಿ ದೀಪಕ್ಕಿಂತ ನಮ್ಮದು ಕಮ್ಮಿ ಆತೇನು? 'ಐತಿ! ಭಾನುವಾರಕ್ಕೊಮ್ಮೆ ಈ ನಾಲಿಗಿ ಮ್ಯಾಲೆ ದೇವರನ್ನ ತಗೋತೇನಿ, ಅದರಾಣಿ ನಿನಗ ಹಾಕ್ತೇನಿ' ಅಂದ್ಬಿಟ್ಟೆ. ಅಂವ ಕೈ ಮುಗದು ಪೆಟ್ಟಿಗಿ ಇಟ್ಟು ಹೋದ."

ನನಗೆ ನಗು ಬಂತು, ನಗಲಿಲ್ಲ. ಆಯಿಯ ಕಣ್ಣು ಹೊಗೆಗೆ ಕೆಂಪಾಗಿದ್ದವೋ ಅಳುವಿಗೋ ತಿಳಿಯಲಿಲ್ಲ.

ಮರುದಿನವೇ ಅದೇ ಜಾಗಕ್ಕೆ ಬಳೆಗಾರ್ತಿಯೂ ನಿಂತ ಸುದ್ದಿ ಆಯಿಗೆ ಗೊತ್ತಾಯಿತು. ಬಳೆಗಾರ್ತಿಯ ತವರು ಸವಣೂರು. ಬಳೆಯ ಬುಟ್ಟಿ ಹೊತ್ತು ತಿರುಗುವ ಆಕೆಗೆ ಊರಿನ ಪ್ರತಿ ಹೆಂಗಸಿನ ಮುಂಗೈ ಗೊತ್ತು, ಮನೆಯ ಒಳಗಿನ ತಾಪತ್ರಯವೂ ಗೊತ್ತು. ರೊಟ್ಟಿ ಬಡಿದು ಬಡಿದು ಸವೆದ ಆಯಿಯ ಹೆಬ್ಬೆಟ್ಟು ರೇಷನ್ ಮಷೀನಿಗೆ ಹತ್ತದೆ ಅಕ್ಕಿ ನಿಂತುಹೋದಾಗ, ಮೂರು ಸಲ ಶಿಗ್ಗಾಂವಿಗೆ ಕರೆದುಕೊಂಡು ಹೋಗಿ ಅದನ್ನು ಸರಿ ಮಾಡಿಸಿಕೊಟ್ಟವಳು ಆಕೆ.

"ಬಸ್ಸಿನ್ಯಾಗ ತಾ ನಿಂತು ನನ್ನ ಕುಂದರಿಸ್ಯಾಳ" ಎಂದರು ಆಯಿ. "ಈಗ ಆಣಿ ನಡಸಿದ್ರ ನನ್ನ ಮನಸ್ಸಿಗೆ ಮೋಸ. ಮುರದ್ರ ಪ್ರಸಾದಕ್ಕ ಮೋಸ. ಯಾವ ಬಾಯಿ ತಗೊಂಡು ಗುರುಗಳ ಮುಂದ ನಾಲಿಗಿ ಚಾಚಲಿ? ಸಾಯೂತನಕ ಹಿಂದಿನ ಬೆಂಚಽ ನನಗ."

ನಾನು ದೊಡ್ಡ ತಿಳಿವಳಿಕೆಯವಳ ಹಾಗೆ ಹೇಳಿದೆ: "ಏನರ ಹಚ್ಕೋತೀರಿ ಆಯಿ. ಕೊಟ್ಟಾರ, ಇಸ್ಕೊಂಡೀರಿ. ಪಡದೆ ಹಿಂದ ಹೋದ ಮ್ಯಾಲೆ ಯಾರು ನೋಡ್ತಾರ? ಮನಸ್ಸಿಗೆ ಬಂದವರಿಗೆ ಒತ್ತಿ ಬರ್ರಿ. ಎಲ್ಲಾರೂ ಹಂಗಽ ಮಾಡೂದು."

"ನೀನೂ ಇಸ್ಕೊಂಡಿಯೇನು?"

"ಮನಿಯವ್ರು ಇಸ್ಕೊಂಡಾರ. ಅವ್ರಿಗೆ ಗುತ್ತಿಗೆದಾರ ಗೆಳೆಯ, ಆಣಿ-ಗೀಣಿ ಕೇಳಿಲ್ಲ."

ಆಯಿ ಒಲೆಗೆ ಒಂದು ಕಟ್ಟಿಗೆ ತಳ್ಳಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಚಲೋ ಐತೇನು ಕುಕ್ಕರ್?"

"ಚಲೋ ಐತ್ರಿ. ನಾಕು ಸೀಟಿಗೆ ಮಡಿಕಿಕಾಳು ಬೆಣ್ಣಿ ಆಗ್ತಾವ."

"ಬೆಣ್ಣಿ ಆಗ್ತಾವ" ಎಂದು ಆಯಿ ಪೆಟ್ಟಿಗೆಯ ಕಡೆ ನೋಡಿದರು. ನೋಡಿ, ಮತ್ತೆ ಊದುಗೊಳವೆ ಎತ್ತಿಕೊಂಡರು.

ಮನೆಗೆ ಬಂದು ಬೇಳೆ ಇಟ್ಟೆ. ಅದೇ ಕುಕ್ಕರಿನಲ್ಲಿ. ಸೀಟಿ ಹೊಡೆಯಿತು. ಆಯಿ ಹೇಳಿದ್ದು ಆಯಿಯದು, ನನ್ನದೇನು ಆಣೆಯಿಲ್ಲವಲ್ಲ ಎಂದು ನನಗೆ ನಾನೇ ಎರಡು ಸಲ ಹೇಳಿಕೊಂಡೆ. ಎರಡು ಸಲ ಹೇಳಿಕೊಳ್ಳಬೇಕಾದದ್ದು ಯಾಕೆ ಎಂದು ಆಗ ಯೋಚಿಸಲಿಲ್ಲ.

ಆ ಭಾನುವಾರ ಗುರುಗಳು ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಪತ್ರ ಓದಿದರು. ಪ್ರತಿ ಚುನಾವಣೆಗೂ ಬರುತ್ತದೆ. ಯಾವ ಪಕ್ಷದ, ಯಾವ ಮನುಷ್ಯನ ಹೆಸರೂ ಇರುವುದಿಲ್ಲ. ತಪ್ಪದೆ ಮತ ಹಾಕಿ, ಬಡವರ ಬಗ್ಗೆ ಯಾರಿಗೆ ಕಾಳಜಿ ಇದೆ ನೋಡಿ ಹಾಕಿ, ಕಾಣಿಕೆಗೆ ಕೈ ಚಾಚಬೇಡಿ ಎಂಬ ಅರ್ಥದ್ದು. ಕಾಣಿಕೆಯ ಮಾತು ಬಂದಾಗ ಚರ್ಚಿನಲ್ಲಿ ನಾಲ್ಕೈದು ಕಡೆ ಕೆಮ್ಮು ಕೇಳಿಸಿತು. ನನ್ನ ಗಂಡ ಮೇಲಿನ ಹಂಚುಗಳನ್ನು ನೋಡತೊಡಗಿದರು. ನಾನು ಕೈಯಲ್ಲಿನ ಪ್ರಾರ್ಥನೆ ಪುಸ್ತಕದ ಹರಿದ ಮೂಲೆಯನ್ನು ಉಗುರಿನಿಂದ ಒತ್ತಿ ಸರಿ ಮಾಡಿದೆ. ಪತ್ರ ಮುಗಿಯಿತು, ಪೂಜೆ ಮುಂದುವರಿಯಿತು, ಪ್ರಸಾದಕ್ಕೆ ಸಾಲು ನಿಂತಿತು. ಕೆಮ್ಮಿದವರೆಲ್ಲ ಸಾಲಿನಲ್ಲಿದ್ದರು, ನಾವೂ ಇದ್ದೆವು. ಆಯಿ ಒಬ್ಬರೇ ಬೆಂಚಿನಲ್ಲಿ ಉಳಿದರು.

ತಿಂಗಳ ಮೊದಲ ಶುಕ್ರವಾರ ಸಂಜೆ ನಮ್ಮಲ್ಲಿ ಆರಾಧನೆ. ಸುತ್ತಲೂ ಸೂರ್ಯನ ಕಿರಣದಂತೆ ಕಡ್ಡಿಗಳಿರುವ ಹಿತ್ತಾಳೆಯ ಪಾತ್ರೆಯ ನಡುವೆ, ಗಾಜಿನೊಳಗೆ, ಪರಮ ಪ್ರಸಾದವನ್ನು ಇಟ್ಟು ಬಲಿಪೀಠದ ಮೇಲೆ ಕೂರಿಸುತ್ತಾರೆ. ಒಂದು ತಾಸು ಅದರ ಮುಂದೆ ಸುಮ್ಮನೆ ಕೂರುವುದು. ಹಾಡು ಸ್ವಲ್ಪ, ಮೌನವೇ ಹೆಚ್ಚು. ಆ ಶುಕ್ರವಾರ ಚುನಾವಣೆಗಾಗಿ ವಿಶೇಷ ಪ್ರಾರ್ಥನೆ ಎಂದಿದ್ದರೂ ಬಂದವರು ಎಂಟು ಜನ. ಅವರಲ್ಲಿ ಆಯಿಯೂ ಇದ್ದರು. ಹಿಂದಿನ ಬೆಂಚಿನಲ್ಲಲ್ಲ, ಎಲ್ಲರಿಗಿಂತ ಮುಂದೆ, ಬರಿ ನೆಲದ ಮೇಲೆ, ಮೊಣಕಾಲು ಮಡಚಲಾಗದೆ ಕಾಲು ಚಾಚಿ ಕುಳಿತಿದ್ದರು.

"ನೆಲ ತಣ್ಣಗೈತಿ, ಮ್ಯಾಲೆ ಕುಂದರ್ರಿ" ಎಂದೆ ಕಿವಿಯಲ್ಲಿ.

"ತಗೊಳ್ಳಾಕ ಲಾಯಕ ಇಲ್ಲ, ನೋಡಾಕರ ಅಡ್ಡಿ ಇಲ್ಲಲ್ಲ?" ಎಂದರು. ಕಣ್ಣು ಅಲ್ಲಿಂದ ಕೀಳಲಿಲ್ಲ.

ಹಸಿದವರು ಹೋಟೆಲಿನ ಗಾಜಿನ ಕಪಾಟಿನ ಮುಂದೆ ನಿಂತ ಹಾಗಿತ್ತು ಅದು. ಬಟ್ಟೆ ಒಗೆಯುವ, ಮೇಜು ಕಾಯುವ ನಾನು ಯಾವತ್ತಾದರೂ ಹಾಗೆ ಹಸಿದಿದ್ದೆನೆ? ಆರಾಧನೆ ಮುಗಿದ ಮೇಲೆ ನಾನೇ ಹೇಳಿದೆ, "ಗುರುಗಳ ಮುಂದ ಹೇಳಿ ನೋಡ್ರಿ ಆಯಿ."

"ಅವ್ರು ಕರಾವಳಿ ಕಡೆಯವ್ರು, ಸಣ್ಣ ವಯಸ್ಸಿನವ್ರು. ನಮ್ಮ ಕಡೆ ಆಣಿ ಅಂದ್ರ ಏನಂತ ಅವ್ರಿಗೇನು ಗೊತ್ತು?" ಎಂದರೂ ಎದ್ದರು. ನನ್ನ ಸೆರಗು ಹಿಡಿದುಕೊಂಡು, "ನೀನೂ ಬಾ. ಇದು ಪಾಪನಿವೇದನೆ ಅಲ್ಲ, ಬರೇ ಮಾತು" ಎಂದರು.

ಗುರುಗಳು ಪಡಸಾಲೆಯ ಮೆಟ್ಟಿಲಿನ ಮೇಲೆ ಕುಳಿತು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಹೇಳಿದರು: "ಅಜ್ಜಿ, ಮತ ಮಾರೋದಕ್ಕೆ ಮಾಡಿದ ಆಣೆ ನಿಮ್ಮನ್ನ ಕಟ್ಟಿ ಹಾಕೋದಿಲ್ಲ. ದೇವರು ಕುಕ್ಕರಿಗೆ ಜಾಮೀನು ನಿಲ್ಲೋದಿಲ್ಲ."

"ಅವ ನಿಲ್ಲಂಗಿಲ್ಲ ಖರೆರಿ. ನಾನಽ ಎಳಕೊಂಡು ಬಂದು ನಿಲ್ಲಿಸೇನಲ್ಲ?"

ಗುರುಗಳು ನಕ್ಕರು. ಆಯಿ ನಗದಿದ್ದದ್ದನ್ನು ನೋಡಿ ಅವರೂ ನಗು ನಿಲ್ಲಿಸಿದರು. "ಅದು ತಪ್ಪೇ. ಅದಕ್ಕೆ ಕ್ಷಮೆಯೂ ಇದೆ. ಭಾನುವಾರ ಪೂಜೆಗೆ ಮೊದಲು ಪಾಪನಿವೇದನೆಗೆ ಬನ್ನಿ."

"ಬಂದೆ ಅಂತ ಇಟ್ಕೊರ್ರಿ. ನೀವು ಕ್ಷಮಾ ಅಂದ್ರಿ, ದೇವರೂ ಅಂದ. ಆದ್ರ ಆ ಮನಶಾ ಇನ್ನೂ ನನ್ನ ವೋಟು ಅವಂದಽ ಅಂತ ನಂಬಿ ಕುಂತಿರ್ತಾನಲ್ರಿ? ಅವಂಗ ಯಾರು ಹೇಳಬೇಕು?"

"ನೀವೇ ಹೇಳಬೇಕಾಗುತ್ತೆ ಅಜ್ಜಿ."

"ಹೌದಲ್ಲ? ನನಗೂ ಹಂಗಽ ಅನಿಸಿತ್ತು. ಮತ್ತ ಯಾರಿಗೆ ಹಾಕಲಿ, ಅದನ್ನರ ಹೇಳ್ರಿ."

"ಅದನ್ನ ಹೇಳೋ ಅಧಿಕಾರ ನನಗಿಲ್ಲ. ನೀವೇ ನೋಡಿ, ಕೇಳಿ, ಯೋಚನೆ ಮಾಡಿ ಹಾಕಿ."

"ಇಷ್ಟೆಲ್ಲಾ ಓದ್ಯಾರ, ಅಷ್ಟು ಹೇಳಾಕ ಬರಂಗಿಲ್ಲಂತ" ಎಂದು ಆಯಿ ಗೇಟು ದಾಟುವವರೆಗೂ ಗೊಣಗಿದರು. ಆದರೆ ನಡಿಗೆ ಹಗುರಾಗಿತ್ತು. ಗೇಟಿನ ಹತ್ತಿರ ನಿಂತು, "ನಾಳೆ ಮುಂಜಾನೆ ಬಾ. ಪೆಟ್ಟಿಗಿ ನನ್ನ ಕೈಲೆ ಎತ್ತೂದು ಆಗಂಗಿಲ್ಲ" ಎಂದರು.

ಮನೆಯಲ್ಲಿ ಹೇಳಿದಾಗ ಗಂಡ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆಯಿದು ವಾಪಸ್ ಹೋತಂದ್ರ ನಮ್ಮದರ ಸುದ್ದಿ ಬರ್ತೈತಿ. ಹೊತ್ಕೊಂಡು ಹೋಗೂದಾದ್ರ ಹೋಗು. ಬಾಯಿ ಮಾತ್ರ ತೆಗೀಬ್ಯಾಡ."

ಶನಿವಾರ ಮುಂಜಾನೆ, ಊರೆಲ್ಲ ಬಿಸಿಲಿಗೆ ಮೈ ಕಾಯಿಸುತ್ತ ಕಟ್ಟೆಗಳ ಮೇಲೆ ಕುಳಿತ ಹೊತ್ತಿಗೇ ಆಯಿ ಹೊರಟರು. ಮುಂದೆ ಕೋಲು ಊರುತ್ತ ಆಯಿ, ಹಿಂದೆ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡ ನಾನು.

"ಏನಾಯಿ, ಸೀಟಿ ಹೊಡ್ಯಂಗಿಲ್ಲೇನು ಕುಕ್ಕರ್?" ಎಂದಿತು ಒಂದು ಕಟ್ಟೆ.

ನಾನು "ಬದಲಿ ಮಾಡಾಕ ಹೊಂಟೀವ್ರಿ" ಎನ್ನುವಷ್ಟರಲ್ಲಿ ಆಯಿ ಹೊರಳಿ ನಿಂತು, "ವಾಪಸ್ ಕೊಡಾಕ ಹೊಂಟೇನಿ. ಯಾರ್‍ಯಾರು ಬರೂರದೀರಿ ಏಳ್ರಿ" ಎಂದರು. ಕಟ್ಟೆ ನಕ್ಕಿತು. ಯಾರೂ ಏಳಲಿಲ್ಲ.

ಗುತ್ತಿಗೆದಾರ ಅಂಗಳದಲ್ಲಿ ನಾಲ್ಕು ಜನರ ಜೊತೆ ಚಹಾ ಕುಡಿಯುತ್ತಿದ್ದ. ಎದ್ದು ಕುರ್ಚಿ ಕೊಟ್ಟ. "ಬರ್ರಿ ಆಯಿ, ಕುಂತ್ಕೊರ್ರಿ. ವಾಲ್ವ್ ಕೆಟ್ಟೈತೇನು? ಬ್ಯಾರೆ ಕೊಡಸ್ತೇನಿ."

"ತೆಗದಽ ನೋಡಿಲ್ಲಪಾ. ನಿನಗ ಹಾಕ್ತೇನಂತ ಆಣಿ ಮಾಡಿದ್ನಲ್ಲ, ಆ ಮಾತು ವಾಪಸ್ ತಗೊಳ್ಳಾಕ ಬಂದೇನಿ. ಮಾತು ನನಗ ಕೊಡು, ಪೆಟ್ಟಿಗಿ ನೀ ಇಟ್ಕೊ."

"ಅಂದ್ರ ನನಗ ಹಾಕಂಗಿಲ್ಲ?"

"ಹಂಗೂ ಅಂದಿಲ್ಲ. ಹಾಕ್ತೇನಿ ಅಂದಿದ್ದಷ್ಟಽ ವಾಪಸ್. ಇನ್ನ ವಿಚಾರ ಮಾಡ್ತೇನಿ."

ಅವನ ಮುಖ ಸಣ್ಣದಾಯಿತು. ಕೆಟ್ಟವನಲ್ಲ ಅವನು. ಆಯಿಯ ಗಂಡ ಹೋದಾಗ ಕುಣಿ ತೆಗೆಯಲು ಆಳು ಕಳಿಸಿದವನು, ಮಣ್ಣಿಗೂ ಬಂದವನು. ಮೆತ್ತಗಿನ ದನಿಯಲ್ಲೇ ಹೇಳಿದ: "ಆತು ಬಿಡ್ರಿ, ವೋಟು ನಿಮ್ಮದು. ಕುಕ್ಕರ್ ಇಟ್ಕೊಳ್ರಿ. ವಯಸ್ಸಾದವ್ರು, ಮಗಾ ಕೊಟ್ಟಾನ ಅನ್ಕೊರ್ರಿ."

ಆಯಿ ಸೋತರು ಎಂದೇ ನಾನು ತಿಳಿದೆ. ಒಂದು ಗಳಿಗೆ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರು. ಆಮೇಲೆ, "ಮಗಾ ಆಗಿ ಕೊಡಾಂವಾದ್ರ ಚುನಾವಣಿ ಮುಗದ ಮ್ಯಾಲೆ ತಂದು ಕೊಡಪಾ, ಕೈ ಎತ್ತಿ ಹರಸಿ ಇಸ್ಕೋತೇನಿ" ಎಂದರು.

ಚಹಾ ಕುಡಿಯುತ್ತಿದ್ದವರು ಗೊಳ್ಳೆಂದು ನಕ್ಕರು. ಅವನೂ ನಕ್ಕ, ಆದರೆ ಕುಟುಕಿದ ಹಾಗಾಗಿತ್ತು. "ನಿಮ್ಮ ಚರ್ಚಿನ ಪೈಕಿ ಬ್ಯಾರೆ ಯಾರೂ ತಂದಿಲ್ಲಲ್ಲ ಆಯಿ" ಎಂದು ನನ್ನ ಕಡೆ ನೋಡಿದ. ನಾನು ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಇಡುವುದರಲ್ಲಿ ಬಹಳ ಹೊತ್ತು ತೆಗೆದುಕೊಂಡೆ.

"ಅವ್ರವ್ರದು ಅವ್ರವ್ರಿಗೆ" ಎಂದರು ಆಯಿ.

ಹಿಂದಿರುಗುವ ದಾರಿಯಲ್ಲಿ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಹುಣಸೆಹಣ್ಣು ತುಟ್ಟಿಯಾದ ಸುದ್ದಿ ಹೇಳಿದರು, ನನ್ನ ಹೊಲಿಗೆ ಮಷೀನಿನ ಬೆಲ್ಟು ಸರಿಯಾಯಿತೇ ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಭಾನುವಾರ. ಪಾಪನಿವೇದನೆ ಮುಗಿಸಿ ಆಯಿ ಮೇಜಿನ ಹತ್ತಿರ ಬಂದರು. ಚಿಮಟ ಮೂರು ಸಲ ಜಾರಿತು, ನಾಲ್ಕನೆಯ ಸಲವೂ ಜಾರಿತು. ಹಿಂದೆ ಸಾಲು ನಿಂತಿತು. ಯಾರೂ ಅವಸರ ಮಾಡಲಿಲ್ಲ. ಐದನೆಯ ಸಲಕ್ಕೆ ಬಿಲ್ಲೆ ಪಾತ್ರೆಗೆ ಬಿತ್ತು. "ನಂದಾತವಾ" ಎಂದರು. ಪ್ರಸಾದದ ಹೊತ್ತಿಗೆ ಗುರುಗಳು "ಕ್ರಿಸ್ತರ ಶರೀರ" ಎಂದದ್ದಕ್ಕೆ ಆಯಿ "ಆಮೆನ್" ಎಂದದ್ದು ಬಾಗಿಲ ತನಕ ಕೇಳಿಸಿತು. ಹಿಂದಿರುಗಿ ಬೆಂಚಿನಲ್ಲಿ ಕುಳಿತು ಮುಖಕ್ಕೆ ಸೆರಗು ಮುಚ್ಚಿಕೊಂಡರು. ಪೂಜೆ ಮುಗಿದು ದೀಪ ಆರಿಸುವಾಗಲೂ ಹಾಗೇ ಕುಳಿತಿದ್ದರು. ನಾನೂ ಅವತ್ತು ಸಾಲಿನಲ್ಲಿ ನಿಂತೆ. ನಿಲ್ಲದಿದ್ದರೆ ಗಂಡ ಏನೆಂದಾರು, ಜನ ಏನೆಂದಾರು ಎಂದು ನಿಂತೆ. ಅಷ್ಟು ಹೇಳಿದರೆ ಸಾಕು.

ಸೋಮವಾರ ಬಳೆಗಾರ್ತಿ ಆಯಿಯ ಮನೆಗೆ ಬಂದಾಗ ಕುಬಸದ ಗುಂಡಿ ಹಚ್ಚಲು ನಾನೂ ಅಲ್ಲಿದ್ದೆ. ಆಕೆ ಕೂರುವ ಮೊದಲೇ ಆಯಿ ಕೇಳಿದರು: "ಗೆದ್ರ ನಮ್ಮ ಓಣಿ ನೀರಿಂದೇನು ಮಾಡ್ತಿ?"

"ಖರೆ ಹೇಳ್ತೇನಿ ಆಯಿ, ಮೋಟಾರ ಸುಟ್ಟೈತೋ ಪೈಪ ಒಡದೈತೋ ನನಗಿನ್ನೂ ಗೊತ್ತಿಲ್ಲ. ಮೊದಲು ಅದನ್ನ ತಿಳ್ಕೋತೇನಿ."

"ಏನರ ತಂದಿಯೇನು ಕೊಡಾಕ?"

"ನಾ ಎಲ್ಲಿಂದ ಕುಕ್ಕರ್ ತರ್ಲಿ ನಮ್ಮವ್ವಾ? ಬೇಕಂದ್ರ ಎರಡು ಬಳಿ ಇಡ್ತೇನಿ ನೋಡ್ರಿ."

"ಬಳಿನೂ ಬ್ಯಾಡ. ನಿನಗಽ ಹಾಕ್ತೇನಂತ ನೀನೂ ತಿಳ್ಕೋಬ್ಯಾಡ. ಚಹಾ ಕುಡದು ಹೋಗು."

ಬಳೆಗಾರ್ತಿ ನಕ್ಕು ಚಹಾ ಕುಡಿದು ಹೋದಳು. ಆಮೇಲೆ ಆಯಿ ನನ್ನಿಂದ ಕಾಗದ ಮಡಚುವುದನ್ನು ಕಲಿತರು. ಹೋದ ಸಲ ಮತಪತ್ರ ಮಡಚುವಾಗ ಮುದ್ರೆಯ ಹಸಿ ಮಸಿ ಇನ್ನೊಂದು ಗುರುತಿಗೂ ಹತ್ತಿ ತನ್ನ ಮತ ಕೆಟ್ಟಿತೇನೋ ಎಂಬ ಅನುಮಾನ ಅವರಿಗೆ. ಪ್ರಸಾದದ ಪಾತ್ರೆಯ ಕೆಳಗೆ ಹಾಸುವ ಬಟ್ಟೆಯನ್ನು, ಚೂರು ಬಿದ್ದಿದ್ದರೂ ಹೊರಗೆ ಉದುರದ ಹಾಗೆ ಒಳಕ್ಕೆ ಮಡಚುತ್ತ ಬರಬೇಕು. ನಾನು ಎಷ್ಟೋ ವರ್ಷದಿಂದ ಮಡಚುತ್ತ ಬಂದಿದ್ದೇನೆ. ಹಳೆಯ ಕ್ಯಾಲೆಂಡರಿನ ಹಾಳೆಗೆ ಕಲಸಿದ ಅರಿಸಿನದ ಬೊಟ್ಟು ಇಟ್ಟು, ಯಾವ ಕಡೆಯಿಂದ ಮಡಚಿದರೆ ಬೊಟ್ಟು ಖಾಲಿ ಜಾಗಕ್ಕೇ ಕೂರುತ್ತದೆ ಎಂದು ತೋರಿಸಿದೆ. ಆಯಿ ಏಳೆಂಟು ಹಾಳೆ ಮಡಚಿದರು.

ಮಂಗಳವಾರ ಮತದಾನ. ಶಾಲೆಯ ಮುಂದೆ ಸಾಲು ನಿಂತಾಗ ಆಯಿ ಭಾನುವಾರದ ಬಿಳಿ ಸೀರೆ ಉಟ್ಟು ಬಂದರು. ಯಾರೋ ಬಾಳೆಹಣ್ಣು ಕೊಟ್ಟರೆ ಬೇಡವೆಂದು ತಲೆಯಾಡಿಸಿದರು.

"ಇದಕ್ಕೂ ಉಪಾಸ ಇರ್ತಾರೇನ್ರಿ ಆಯಿ?" ಎಂದೆ.

"ಇರಬಾರದಂತ ಎಲ್ಲಿ ಬರದೈತಿ?"

ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಸಾಲಿನಲ್ಲಿದ್ದವರು, ಮುದುಕಿ ಅಲ್ಲೇ ಮಲಗಿತೇನೋ ಎಂದು ಚೇಷ್ಟೆ ಮಾಡಿದರು. ಮಡಚುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಯಾರಿಗೆ ಹಾಕಿದರು ಎಂದು ನಾನು ಕೇಳಲಿಲ್ಲ, ಅವರು ಇವತ್ತಿಗೂ ಹೇಳಿಲ್ಲ. ನಾನು ಬಳೆಗಾರ್ತಿಗೆ ಒತ್ತಿದೆ. ಆಯಿಗೆ ಬುದ್ಧಿ ಹೇಳಿದ್ದೆನಲ್ಲ, ಹಾಗೇ, ಯಾರೂ ನೋಡದ ಪಡದೆಯ ಹಿಂದೆ. ಮನೆಗೆ ಬಂದು ಕುಕ್ಕರಿನಲ್ಲಿ ಅನ್ನಕ್ಕಿಟ್ಟೆ.

ಗೆದ್ದದ್ದು ಗುತ್ತಿಗೆದಾರ. ಸುದ್ದಿ ಕೇಳಿದ ಆಯಿ "ಹೌದಾ" ಎಂದು ರೊಟ್ಟಿ ತಿರುವಿ ಹಾಕಿದರಂತೆ. ಚುನಾವಣೆ ಮುಗಿದ ಮೇಲೆ ಮಗನಾಗಿ ಕುಕ್ಕರ್ ತಂದುಕೊಟ್ಟನೇ ಎಂದು ಕೇಳುವವರು ಈಗಲೂ ಇದ್ದಾರೆ. ತರಲಿಲ್ಲ.

ಬೇಸಿಗೆಯಲ್ಲಿ ಗ್ರಾಮಸಭೆ ಸೇರಿತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮುಂದೆ ಕುರ್ಚಿಗಳಲ್ಲಿ ಪಂಚಾಯ್ತಿಯ ಪಿಡಿಓ ಮತ್ತು ಸದಸ್ಯರು. ಹೊಸ ಸದಸ್ಯನಾಗಿ ಗುತ್ತಿಗೆದಾರನೂ ಇದ್ದ. ಹೆಂಗಸರೆಲ್ಲ ಹಿಂದೆ ಚಾಪೆಯ ಮೇಲೆ. ನೀರಿನ ವಿಷಯ ಬಂದಾಗ ಆಯಿ ಕೋಲು ಊರಿ ಎದ್ದರು.

"ನಮ್ಮ ಓಣಿಗೆ ನೀರು ಬಿಟ್ಟು ಹನ್ನೊಂದು ದಿನ ಆತ್ರಿ."

ಹಿಂದಿನಿಂದ ಒಬ್ಬ ಕೂಗಿದ: "ಕುಕ್ಕರ್ ವಾಪಸ್ ಕೊಟ್ಟವ್ರಿಗೆ ನೀರು ಎಲ್ಲಿಂದ ಬರಬೇಕು ಆಯಿ?"

ಶಾಮಿಯಾನ ಪೂರ್ತಿ ನಕ್ಕಿತು. ಗುತ್ತಿಗೆದಾರ ತಲೆ ತಗ್ಗಿಸಿದ. ಆಯಿ ಹೊರಳಿ, ಕೂಗಿದವನನ್ನು ಹುಡುಕಿ, ಅವನಿಗೇ ಹೇಳಿದರು: "ವಾಪಸ್ ಕೊಟ್ಟೇನಿ, ಅದಕ್ಕಽ ನಿಂತು ಕೇಳಾಕತ್ತೇನಿ. ಇಟ್ಕೊಂಡಿದ್ರ ನಿನ್ನಂಗ ಕುಂತು ನಗತಿದ್ದೆ." ಆಮೇಲೆ ಮುಂದೆ ತಿರುಗಿದರು. "ನಾ ಯಾರಿಗೆ ಹಾಕೇನಿ ಅನ್ನೂದು ನನಗ, ದೇವರಿಗೆ ಗೊತ್ತು. ಗೆದ್ದ ಮ್ಯಾಲೆ ನೀ ನನ್ನ ಮೆಂಬರಽ. ನೀರು ಯಾವಾಗ ಬಿಡ್ತಿ ಹೇಳಪಾ."

ಗುತ್ತಿಗೆದಾರ ಪಿಡಿಓ ಕಡೆಗೆ ಬಾಗಿ, "ಬರಕೊರ್ರಿ" ಎಂದ. ಪಿಡಿಓ ಬರೆದುಕೊಂಡು, "ಬ್ಯಾರೆ ಯಾವ ಓಣಿಗಾದ್ರೂ ಬರವಲ್ದೇನು?" ಎಂದು ಕೇಳಿದರು.

ನಮ್ಮ ಓಣಿಗೂ ಬರುತ್ತಿರಲಿಲ್ಲ. ಆಯಿಯ ಓಣಿಯದ್ದೂ ನಮ್ಮದೂ ಒಂದೇ ಪೈಪು. ನನ್ನ ಅಕ್ಕಪಕ್ಕ ಕುಳಿತ ಹೆಂಗಸರು ಚಾಪೆಯ ಕಡ್ಡಿ ಕೀಳತೊಡಗಿದರು. ಅವರ ಮನೆಯ ಕುಕ್ಕರುಗಳೂ ನನ್ನದರ ಹಾಗೇ ದಿನಾ ಸೀಟಿ ಹೊಡೆಯುತ್ತವೆ. ಆಚೆ ಗಂಡಸರ ನಡುವೆ ನನ್ನ ಗಂಡ ಮೇಲೆ ಶಾಮಿಯಾನದ ಬಟ್ಟೆ ನೋಡುತ್ತಿದ್ದರು.

ನಾನು ಎದ್ದೆ. ಓಣಿಯ ಹೆಸರು ಹೇಳುವಾಗ ದನಿ ಒಡೆಯಿತು. ಎರಡನೆಯ ಸಲ ಹೇಳಬೇಕಾಯಿತು. ಗುತ್ತಿಗೆದಾರ ನನ್ನ ಮುಖ ನೋಡಿದ. ನಿಮ್ಮನ್ಯಾಗ ಕುಕ್ಕರ್ ಐತಲ್ರಿ ಎಂದು ಅವನೋ ಬೇರೆ ಯಾರೋ ಅಂದಾರು ಎಂದು ಕಾದೆ. "ಐತ್ರಿ, ಇಸ್ಕೊಂಡೇನಿ, ತಪ್ಪಾತು" ಎನ್ನಲು ಸಿದ್ಧಳಾಗಿ ನಿಂತಿದ್ದೆ. ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ಆ ಮಾತು ಇನ್ನೂ ನನ್ನ ಹತ್ತಿರವೇ ಉಳಿದಿದೆ. ಅದನ್ನು ಭಾನುವಾರ ಪೂಜೆಗೆ ಮೊದಲು ಪಾಪನಿವೇದನೆಗೆ ಹೋಗಿ ಗುರುಗಳ ಮುಂದೆ ಹೇಳಬೇಕು ಎಂದು ನಿಂತಲ್ಲೇ ಅಂದುಕೊಂಡೆ.

ಪಿಡಿಓ ನಮ್ಮ ಓಣಿಯನ್ನೂ ಬರೆದುಕೊಂಡು ಪುಸ್ತಕ ಮುಚ್ಚಲು ಹೋದರು.

"ಬರದದ್ದನ್ನ ಒಂದ್ಸಲ ಓದಿ ಹೇಳ್ರಿ ಸಾಹೇಬ್ರ" ಎಂದರು ಆಯಿ, ಕುಳಿತಲ್ಲಿಂದಲೇ.